ಒಡೆಯದ ಒಂಬತ್ತು

ಯೆರವಡಾ ಜೈಲಿನಲ್ಲಿ ಮನುಷ್ಯರನ್ನು ಜೋಡಿಯಲ್ಲಿ ಎಣಿಸುತ್ತಾರೆ. ಬೆಳಿಗ್ಗೆ ಬರಾಕಿನ ಬಾಗಿಲು ತೆರೆದಾಗ, ಸಂಜೆ ಮುಚ್ಚುವಾಗ, ಎಲ್ಲರೂ ಇಬ್ಬಿಬ್ಬರಾಗಿ ಕುಕ್ಕರುಗಾಲಿನಲ್ಲಿ ಕೂರಬೇಕು. ಸಿಪಾಯಿ ಬೆರಳು ಆಡಿಸುತ್ತ ಜೋಡಿಗಳನ್ನು ಲೆಕ್ಕ ಹಾಕಿಕೊಂಡು ಹೋಗುತ್ತಾನೆ; ಇದಕ್ಕೆ ಗಿನತಿ ಎನ್ನುತ್ತಾರೆ. ಕೆಲವು ವರ್ಷ ಹೀಗೆ ಕೂತು ಎದ್ದವನ ಕಣ್ಣಿಗೆ ಒಂದು ಚಟ ಹತ್ತುತ್ತದೆ. ತೊಳೆದಿಟ್ಟ ತಟ್ಟೆ ಇರಲಿ, ಗೋಡೆಯ ಮೇಲಿನ ಪಾರಿವಾಳ ಇರಲಿ, ಕಣ್ಣು ತಾನಾಗಿ ಎರಡೆರಡು ಮಾಡಿಯೇ ನೋಡುತ್ತದೆ. ಮಾಂತುವಿಗೂ ಈ ಚಟ ಹತ್ತಿತ್ತು. ಹತ್ತಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮಾಂತು ಇಂಡಿ ತಾಲೂಕಿನವನು, ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಶೀನು ನಡೆಸುತ್ತಿದ್ದ. ಕಲ್ಲವ್ವನನ್ನು ಮದುವೆಯಾಗಿ ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದ; ಶಿವಾನಿ ಅಲ್ಲೇ ಹುಟ್ಟಿದಳು. ಸಿಟ್ಟು ಮಾತ್ರ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಸಂಜೆ ಕುಡಿದು ಬಂದು, ಜೊತೆಗೆ ಕೆಲಸ ಮಾಡುವ ಅವಿನಾಶನ ಸಂಗಡ ಮಾತಿಗೆ ಮಾತು ಬೆಳೆಸಿದ. ಅವಿನಾಶ ಬೇಸತ್ತು ಬೆನ್ನು ತಿರುಗಿಸಿ ಹೊರಟ. ಮಾಂತು ಕೈಗೆ ಸಿಕ್ಕ ಸಲಾಕೆ ಎತ್ತಿ ಹಿಂದಿನಿಂದ ಅವನ ತಲೆಗೆ ಹೊಡೆದ. ಅವಿನಾಶ ಮತ್ತೆ ಏಳಲಿಲ್ಲ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಕೋರ್ಟು ಹೇಳಿದ್ದು ಇದನ್ನೇ, ಕಲ್ಲವ್ವ ತಲೆ ತಗ್ಗಿಸಿ ಒಪ್ಪಿಕೊಂಡಿದ್ದು ಇದನ್ನೇ, ಮಾಂತುವಿನ ಕೈಗೆ ಗೊತ್ತಿದ್ದದ್ದೂ ಇದೇ.

ಶಿವಾನಿಗೆ ಮಾತ್ರ ಬೇರೆ ಗೊತ್ತಿತ್ತು. ಒಮ್ಮೆ ಕಲ್ಲವ್ವ ಅವಳನ್ನು ಭೇಟಿಗೆ ಕರೆದುಕೊಂಡು ಬಂದಿದ್ದಳು. ಗಾಜಿನ ಆಚೆ ನಿಂತ ಹುಡುಗಿ ಬಹಳ ಹೊತ್ತು ಅಪ್ಪನ ಕೈಗಳನ್ನೇ ನೋಡಿ, ಆಮೇಲೆ ಕೇಳಿದ್ದಳು.

"ಅಪ್ಪಾ, ನೀ ಹೊಡದಿಯೇನು ಅವಗ?"

"ಇಲ್ಲವ್ವಾ. ಅವಾ ಕಾಲ ಜಾರಿ ಬಿದ್ದ. ನನ್ನ ಮ್ಯಾಲ ಹಾಕಿದ್ರು."

"ಖರೇನ?"

"ಖರೇನ."

ಕಲ್ಲವ್ವ ಗೋಡೆ ಕಡೆ ಮುಖ ತಿರುಗಿಸಿದಳು. ಹುಡುಗಿ ನಂಬಿದಳು. ಅಂದಿನಿಂದ ಮಾಂತು ಬದುಕಿದ್ದು ಆ ನಂಬಿಕೆಯ ಮೇಲೆ ಎಂದರೆ ಹೆಚ್ಚಾಗಲಾರದು. ಇಷ್ಟು ದೊಡ್ಡ ಜಗತ್ತಿನಲ್ಲಿ ಅವನು ಹೊಡೆದಿಲ್ಲ ಎನ್ನುವ ಒಂದು ಜೀವ ಇದೆ, ಅದು ತನ್ನ ಮಗಳು. ಆ ಒಂದು ಜೀವದೆದುರು ಅವನು ಕೊಲೆಗಾರನಾಗಿರಲಿಲ್ಲ. ಅದನ್ನು ಕಳೆದುಕೊಂಡರೆ ಉಳಿಯುವುದು ಸಿಪಾಯಿ ಎಣಿಸುವ ಮನುಷ್ಯ ಮಾತ್ರ.

ನಂಬಿದ್ದಳು ಸರಿ, ಆದರೆ ಮಾತಿಲ್ಲ. ಗುರುವಾರ ಅವನ ಬರಾಕಿಗೆ ಫೋನಿನ ದಿನ. ಕೆಲವೇ ನಿಮಿಷ ಸಿಗುತ್ತಿತ್ತು. "ಉಂಡೀ?" ಎಂದರೆ "ಹೂಂ", "ಸಾಲಿಗೆ ಹೋಗಿದ್ದೀ?" ಎಂದರೆ "ಹೂಂ". ಮೂರನೇ ಪ್ರಶ್ನೆ ಹುಡುಕುವಷ್ಟರಲ್ಲಿ ಫೋನು ಕಲ್ಲವ್ವನ ಕೈಗೆ ಹೋಗಿರುತ್ತಿತ್ತು. ಆರು ವರ್ಷದ ಕೂಸನ್ನು ಬಿಟ್ಟು ಬಂದವನು ಹತ್ತು ವರ್ಷದ ಹುಡುಗಿಯ ಸಂಗಡ ಏನು ಮಾತಾಡಬೇಕು? ಅವನಿಗೆ ಗೊತ್ತಿದ್ದ ಶಿವಾನಿಗೆ ಗುಬ್ಬಿ ತೋರಿಸಿದರೆ ಸಾಕಾಗುತ್ತಿತ್ತು.

ಆ ವರ್ಷ ಮಳೆಗಾಲ ಮುಗಿಯುತ್ತಲೇ ಜೈಲಿನ ಸಾಲೆಗೆ ವಿನೀತ ಬಂದಳು. ಹಾಸನದ ಕಡೆಯ ಹುಡುಗಿ. ಜೈಲಿನಿಂದ ಕೂಗಳತೆಯ ದೂರದ ಐಟಿ ಪಾರ್ಕಿನಲ್ಲಿ ಕೆಲಸ; ಬುಧವಾರ ಮಧ್ಯಾಹ್ನ ರಜೆ ಹಾಕಿ, ಅರ್ಧಕ್ಕೆ ಸಾಲೆ ಬಿಟ್ಟ ಕೈದಿಗಳಿಗೆ ಗಣಿತ ಹೇಳಿಕೊಡಲು ಬರುತ್ತಿದ್ದಳು. ಅವಳ ಹಿಂದಿ ಅಷ್ಟಕ್ಕಷ್ಟೇ. ಕನ್ನಡದವರು ಇಬ್ಬರಿದ್ದಾರೆ ಎಂದು ತಿಳಿದಾಗ ಅವಳಿಗೆ ಆದ ಖುಷಿಯನ್ನು ನೋಡಬೇಕಿತ್ತು. ಒಬ್ಬ ಮಾಂತು, ಇನ್ನೊಬ್ಬ ಅಫಜಲಪುರ ಕಡೆಯ ಕಾಶಪ್ಪ, ಅರವತ್ತು ದಾಟಿದ ಮುದುಕ. ಕಾಶಪ್ಪನಿಗೆ ಗಣಿತ ಬೇಕಾಗಿರಲಿಲ್ಲ. ಫ್ಯಾನಿನ ಕೆಳಗೆ ಒಂದು ತಾಸು ಕೂರುವುದು ಬೇಕಾಗಿತ್ತು.

ಮೊದಲ ದಿನವೇ ವಿನೀತ ಪಾಟಿ ಬದಿಗಿಟ್ಟು ಒಂದು ಡಬ್ಬಿ ತೆಗೆದಳು. ಒಳಗೆ ಅಂಗಿಯ ಗುಂಡಿಗಳು. ಒಳಗೆ ಬರುವಾಗ ಎಣಿಸಿ, ಹೊರಗೆ ಹೋಗುವಾಗ ಮತ್ತೆ ಎಣಿಸುವ ಕರಾರಿನ ಮೇಲೆ ಅವುಗಳಿಗೆ ಪರವಾನಗಿ ಸಿಕ್ಕಿತ್ತು. ಹಂಚಿದರೆ ಒಬ್ಬೊಬ್ಬರಿಗೆ ಎಂಟೇ ಬಂದವು.

"ಇದು ಆಟ. ನಾನು ಒಂದು ಸಂಖ್ಯೆ ಹೇಳ್ತೀನಿ, ನೀವು ಅಷ್ಟು ಗುಂಡಿ ತಗೊಂಡು ಸಮ ಸಾಲು ಮಾಡ್ಬೇಕು. ಒಂದೂ ಹೆಚ್ಚಿಗೆ ಉಳೀಬಾರ್ದು. ಹಾಗೆ ಮಾಡೋಕಾದ್ರೆ ಆ ಸಂಖ್ಯೆ ಒಡೆಯತ್ತೆ. ಎಷ್ಟೇ ಒದ್ದಾಡಿದ್ರೂ ಒಂದೇ ಉದ್ದ ಸಾಲಾಗತ್ತೆ ಅಂದ್ರೆ ಅದು ಒಡೆಯದ ಸಂಖ್ಯೆ, ಅವಿಭಾಜ್ಯ."

ನಾಲ್ಕು, ಆರು, ಎಂಟು. ಎಲ್ಲರೂ ಗುಂಡಿಗಳನ್ನು ಜೋಡಿ ಜೋಡಿಯಾಗಿ ಕೂರಿಸಿದರು, ಬೆಳಿಗ್ಗೆ ತಾವು ಕೂತ ಹಾಗೆ. ಐದು ಎಂದಾಗ ಒಂದು ಉಳಿಯಿತು. ಏಳು ಎಂದಾಗಲೂ ಉಳಿಯಿತು.

"ಇದು ನಮ್ಮ ಗಿನತೀನ ಐತಲ್ರೀ ಮೇಡಂ," ಎಂದ ಕಾಶಪ್ಪ. "ಇದಕ್ಕ ಸಾಲಿ ಯಾಕ ಬೇಕು? ಸಿಪಾಯಿ ದಿನಾ ಎರಡ ಸಲ ಕಲಿಸ್ತಾನ."

ಎಲ್ಲರೂ ನಕ್ಕರು, ವಿನೀತಳೂ ನಕ್ಕಳು. ಅಂದು ಅವಳು ಹೇಳಿದ ಸಂಖ್ಯೆಗಳಲ್ಲಿ ಜೋಡಿಯ ಲೆಕ್ಕ ಎಲ್ಲೂ ತಪ್ಪಲಿಲ್ಲ. ತಪ್ಪಿದ್ದರೆ ಅವಳು ಅಂದೇ ತಿದ್ದುತ್ತಿದ್ದಳು. ಮುಂದಿನ ವಾರ ಇನ್ನೂ ದೊಡ್ಡ ಸಂಖ್ಯೆ ಆಡೋಣ ಎಂದು ಡಬ್ಬಿ ಮುಚ್ಚಿದಳು. ಅಷ್ಟರಲ್ಲಿ ಅಕ್ಕನ ಮದುವೆ ಬಂತು, ಅವಳು ಊರಿಗೆ ಹೋದಳು. ಸಾಲೆ ಕೆಲವು ವಾರ ನಿಂತಿತು.

ಗುಂಡಿಯಾಟದ ಮರುದಿನವೇ ಗುರುವಾರ. ಎರಡು "ಹೂಂ" ಮುಗಿದ ಮೇಲೆ ಶಿವಾನಿ ಫೋನು ಕೊಡಲಿಲ್ಲ.

"ಅಪ್ಪಾ, ಮೂಳ ಸಂಖ್ಯಾ ಅಂದ್ರ ಏನು? ಸ್ಕಾಲರ್‌ಶಿಪ್ ಪರೀಕ್ಷಾಕ್ಕ ಅದ. ಅವ್ವಗ ಗೊತ್ತಿಲ್ಲ."

ಮರಾಠಿ ಸಾಲೆಯ ಹುಡುಗಿ, ಮರಾಠಿ ಹೆಸರು. ಅದರ ಅರ್ಥ ಅವಳೇ ಒಂದು ಸಾಲಿನಲ್ಲಿ ಬಾಯಿಪಾಠ ಒಪ್ಪಿಸಿದಾಗ ಮಾಂತುವಿಗೆ ಗೊತ್ತಾಯಿತು, ಇದು ನಿನ್ನೆಯ ಗುಂಡಿಯಾಟವೇ. ದೇವರು ಇದ್ದಾನೆ ಎಂದು ಅವನಿಗೆ ಆ ಕ್ಷಣ ಖಂಡಿತ ಅನ್ನಿಸಿತು.

"ಮನ್ಯಾಗ ಹುಣಸಿ ಬೀಜ ಅದಾವೇನು? ತಗೊಂಡ ಬಾ. ಆಟ ಆಡೂಣು."

ಬೀಜ ನೆಲಕ್ಕೆ ಸುರಿದ ಸದ್ದು ಫೋನಿನಲ್ಲಿ ಕೇಳಿಸಿತು. ಐದು ತಗೋ, ಜೋಡಿ ಮಾಡು, ಒಂದು ಉಳೀತೇನು? ಉಳಿದ್ರ ಅದು ಒಡೆಯಂಗಿಲ್ಲ. ಏಳು ತಗೋ. ಶಿವಾನಿ ನಕ್ಕಳು. ನಾಲ್ಕು ವರ್ಷದಲ್ಲಿ ಅವನು ಕೇಳಿದ ಅವಳ ಮೊದಲ ನಗು ಅದು. ಒಂಬತ್ತು ಎಂದು ಅವಳೇ ಕೇಳಿದಾಗ, ಹನ್ನೊಂದು ಹದಿನೈದು ಎಂದಾಗ, ಅವನು ಹಿಂದೆ ಮುಂದೆ ನೋಡದೆ ಹೇಳಿದ: ಉಳದೈತಲ್ಲ, ಮತ್ತ, ಒಡೆಯಂಗಿಲ್ಲ.

ಆಮೇಲಿನ ಗುರುವಾರಗಳ ಸುಖವನ್ನು ಏನೆಂದು ಹೇಳುವುದು. ಫೋನು ಎತ್ತುವವಳು ಈಗ ಶಿವಾನಿಯೇ. "ಅಪ್ಪಾ, ಇಪ್ಪತ್ತೇಳು" ಎಂದು ನಮಸ್ಕಾರಕ್ಕಿಂತ ಮೊದಲು ಸಂಖ್ಯೆ ಎಸೆಯುವಳು. ಇವನು ಬೇಕೆಂದೇ ತಡಮಾಡಿ, ಸೋತ ಹಾಗೆ ನಟಿಸಿ, ಕೊನೆಗೆ ಉತ್ತರ ಹೇಳುವನು. ಆಟದ ನಡುವೆ ಸಾಲೆಯ ಸುದ್ದಿ, ಗೆಳತಿಯರ ಸುದ್ದಿ, ಅವ್ವ ಪ್ಯಾಕಿಂಗ್ ಕೆಲಸದಿಂದ ತಡವಾಗಿ ಬರುವ ಸುದ್ದಿ ಎಲ್ಲ ಜಾರಿ ಬರುತ್ತಿತ್ತು. ಕಲ್ಲವ್ವನಿಗೆ ಮಾತಾಡಲು ನಿಮಿಷವೇ ಉಳಿಯುತ್ತಿರಲಿಲ್ಲ. ಮಾಂತು ಬರಾಕಿಗೆ ಮರಳುವಾಗ ಕಾಶಪ್ಪ ಅವನ ಮುಖ ನೋಡಿ, "ಏನಪಾ, ಬಿಡುಗಡೆ ಆತೇನು?" ಎಂದು ಛೇಡಿಸುತ್ತಿದ್ದ.

ಶಿವಾನಿಯ ಪರೀಕ್ಷೆ ಭಾನುವಾರ ಎನ್ನುವಾಗ, ಅದಕ್ಕೆ ಮುಂಚಿನ ಬುಧವಾರ ವಿನೀತ ವಾಪಸು ಬಂದಳು. ಈ ಸಲ ದೊಡ್ಡ ಡಬ್ಬಿ. ಮೊದಲು ಹೇಳಿದ ಸಂಖ್ಯೆ ಒಂಬತ್ತು.

ಮಾಂತು ಎಲ್ಲರಿಗಿಂತ ಮುಂಚೆ ಜೋಡಿ ಜೋಡಿ ಇಟ್ಟ, ಉಳಿದ ಒಂದು ಗುಂಡಿಯನ್ನು ಬೆರಳಲ್ಲಿ ತಟ್ಟಿ ತೋರಿಸಿದ. "ಒಡೆಯಂಗಿಲ್ರಿ ಇದು."

"ಯಾಕೆ ಎರಡೇ ಇಡ್ತೀರ?" ಎಂದು ವಿನೀತ ಬಗ್ಗಿ, ಅವನ ಗುಂಡಿಗಳನ್ನು ಸರಿಸಿ ಮೂರು ಸಾಲು ಮಾಡಿದಳು. ಸಾಲಿಗೆ ಮೂರು. ಒಂದೂ ಉಳಿಯಲಿಲ್ಲ. "ನೋಡಿ. ಜೋಡಿ ಆಗ್ದೇ ಇದ್ರೂ ಒಡೀತು. ಹದಿನೈದೂ ಅಷ್ಟೆ, ಇಪ್ಪತ್ತೇಳೂ ಅಷ್ಟೆ. ಇನ್ನೊಂದು ಮಜಾ ಅಂದ್ರೆ, ಎರಡು ಇದೆಯಲ್ಲ, ಅದು ಒಡೆಯದ ಸಂಖ್ಯೆ."

ಮೂರು ಮೂರ್ಲೆ ಒಂಬತ್ತು ಎಂದು ಮಾಂತುವಿಗೇನು ಗೊತ್ತಿರಲಿಲ್ಲವೇ? ಮಗ್ಗಿ ಬಾಯಲ್ಲಿತ್ತು, ಜೋಡಿ ಕಣ್ಣಲ್ಲಿತ್ತು, ಎರಡೂ ಒಂದನ್ನೊಂದು ಭೇಟಿಯಾಗಿರಲಿಲ್ಲ. ಕೈಯಲ್ಲಿ ಗುಂಡಿ ಹಿಡಿದು ಕೂತೇ ಇದ್ದ. ತಾಸು ಮುಗಿದು ಎಲ್ಲರೂ ಎದ್ದ ಮೇಲೆ ಅವಳಿಗೆ ವಿಷಯ ಹೇಳಿದ; ಮಗಳಿಗೆ ತಪ್ಪು ಕಲಿಸಿದ್ದನ್ನು ಮಾತ್ರ ಹೇಳಿದ.

"ಅಯ್ಯೋ, ಅಷ್ಟೇ ತಾನೆ," ಎಂದಳು ವಿನೀತ. "ನಾಳೆ ಫೋನಲ್ಲಿ ಹೇಳ್ಬಿಡಿ, ನಂಗೆ ತಪ್ಪಾಗಿತ್ತು ಪುಟ್ಟಿ ಅಂತ. ಮಕ್ಕಳಿಗೆ ಅದು ದೊಡ್ಡ ವಿಷಯಾನೇ ಅಲ್ಲ. ಅಪ್ಪ ಸೋತ ಅಂತ ಖುಷಿ ಪಡ್ತಾರೆ."

ಎಷ್ಟು ಸುಲಭ. ಹಾಗೆ ಹೇಳಬಲ್ಲ ಅಪ್ಪಂದಿರು ಇರುತ್ತಾರೆ, ಸಂಜೆ ಮನೆಗೆ ಬಂದು ಮಗಳ ತಲೆ ಸವರಿ ಹೇಳುತ್ತಾರೆ. ಮಾಂತು ಆದರೂ ಗಟ್ಟಿ ಮನಸ್ಸು ಮಾಡಿದ. ಗುರುವಾರ ಸರದಿಯಲ್ಲಿ ನಿಂತಾಗ ತುಟಿಯೊಳಗೇ ಮಾತು ಜೋಡಿಸಿಕೊಂಡ: ಅವ್ವಾ, ನಾ ತಪ್ಪ ಹೇಳಿದ್ದೆ, ಮೂರ್ಮೂರ ಇಟ್ಟ ನೋಡು.

ಆದರೆ ಶಿವಾನಿ ಅವನಿಗೆ ಬಾಯಿ ತೆರೆಯಲು ಬಿಡಬೇಕಲ್ಲ.

"ಅಪ್ಪಾ, ಸಾಲ್ಯಾಗ ಜಗಳಾತು. ಒಂಬತ್ತು ಮೂಳ ಸಂಖ್ಯಾ ಅಲ್ಲ ಅಂತ ಟೀಚರ್ ಅಂದ್ರು. ಹೌದು ಅಂದೆ ನಾ. ಯಾರ ಕಲಿಸಿದ್ರು ಅಂದ್ರು. ನಮ್ಮಪ್ಪ ಅಂದೆ. ಹಿಂದ ಕುಂತ ಹುಡುಗಿ 'ತಿಚೇ ಬಾಬಾ ತುರುಂಗಾತ್ ಆಹೇತ್' ಅಂದ್ಲು, ಜೇಲಿನ್ಯಾಗ ಅದಾರ ಅಂತ. ಎಲ್ಲಾರೂ ನಕ್ರು."

"ಆಮ್ಯಾಲ?" ಎಂದ ಮಾಂತು.

"ಆಮ್ಯಾಲ ಏನು, ನಾ ಎದ್ದ ನಿಂತು ಹೇಳಿದೆ. ನಮ್ಮಪ್ಪ ಸುಳ್ಳ ಹೇಳಂಗಿಲ್ಲ. ಅವಾ ಹೊಡದೂ ಇಲ್ಲ, ಸುಳ್ಳೂ ಹೇಳಂಗಿಲ್ಲ ಅಂದೆ. ಆಮ್ಯಾಲ ಯಾರೂ ನಗಲಿಲ್ಲ."

ಅವಳ ದನಿಯಲ್ಲಿ ಎಂಥ ಹೆಮ್ಮೆ ಇತ್ತು. ಇಡೀ ತರಗತಿಯ ಎದುರು ಒಬ್ಬಳೇ ನಿಂತು ಅಪ್ಪನನ್ನು ಬಿಡಿಸಿಕೊಂಡು ಬಂದಿದ್ದಳು. ವಕೀಲನಿಂದ ಆಗದ ಕೆಲಸ. ಆದರೆ ಬಿಡಿಸುವ ಭರದಲ್ಲಿ ಎರಡು ಮಾತನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದಳು. ಒಂಬತ್ತು ಒಡೆಯುತ್ತದೆ ಎಂದು ಅವನು ಈಗ ಹೇಳಿದರೆ ಅವಳು ನಾಳೆ ಆ ತರಗತಿಗೆ ಯಾವ ಮುಖ ಹೊತ್ತು ಹೋಗಬೇಕು? ಅದಕ್ಕಿಂತ, ಖರೇನ ಎಂದು ಕೇಳಿದಾಗ ಖರೇನ ಎಂದ ಅಪ್ಪ ಏನಾಗಬೇಕು? ಮಗಳ ಮರ್ಯಾದೆಗಿಂತ ತನ್ನ ಹೆದರಿಕೆಯೇ ದೊಡ್ಡದಾಗಿತ್ತು ಎನ್ನುವುದು ನಿಜ. ಅವನು ಯಾವತ್ತೂ ಧೈರ್ಯವಂತನಾಗಿರಲಿಲ್ಲ. ಧೈರ್ಯವಂತ ಬೆನ್ನ ಹಿಂದಿನಿಂದ ಹೊಡೆಯುವುದಿಲ್ಲ.

"ಟೀಚರ್ ಬೋರ್ಡಿನ ಮ್ಯಾಲ ಮೂರು ಗುಣಿಸು ಮೂರು ಬರದ್ರು," ಎಂದಳು ಶಿವಾನಿ. ದನಿ ಸ್ವಲ್ಪ ಇಳಿದಿತ್ತು. "ಅದು ಮಗ್ಗಿ. ಇದು ಬ್ಯಾರೆ, ಅಲ್ಲೇನಪ್ಪಾ?"

ಹುಡುಗಿ ಬಾಗಿಲು ತೆರೆದುಕೊಟ್ಟಿದ್ದಳು. ಇಲ್ಲವ್ವಾ, ಎರಡೂ ಒಂದ, ಎಂದಿದ್ದರೆ ಮುಗಿಯುತ್ತಿತ್ತು.

"ಹೌದವ್ವಾ," ಎಂದ ಮಾಂತು. "ಅದು ಬ್ಯಾರೆ."

"ಹಂಗಾದ್ರ ಪರೀಕ್ಷಾದಾಗ ನೀ ಹೇಳಿದ್ದ ಬರೀಲೇನು?"

"ಬರಿ."

ಶುಕ್ರವಾರ ಬೆಳಿಗ್ಗೆ ಅವನು ಜೈಲಿನ ಸಾಹೇಬರ ಕೋಣೆಯ ಎದುರು ನಿಂತಿದ್ದ. ಇನ್ನೊಂದು ಫೋನು ಬೇಕು, ಬರೇ ಒಂದು ನಿಮಿಷ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ಯಾರಾದರೂ ತೀರಿಕೊಂಡರೇ ಎಂದು ಅವರು ಸಮಾಧಾನದಿಂದಲೇ ಕೇಳಿದರು. ಒಂಬತ್ತರ ವಿಷಯ ಅಂತ ಹೇಗೆ ಹೇಳುವುದು? ಏನಿಲ್ಲ ಸಾಹೇಬ್ ಎಂದು ಮರಳಿ ಬಂದ. ನಿನ್ನೆ ಹೇಳಲಾಗದ ಮಾತನ್ನು ಇವತ್ತು ಫೋನು ಸಿಕ್ಕಿದ್ದರೂ ಹೇಳುತ್ತಿದ್ದನೋ ಇಲ್ಲವೋ, ಅದು ಅವನಿಗೂ ಖಾತ್ರಿ ಇರಲಿಲ್ಲ.

ಭಾನುವಾರ ಪರೀಕ್ಷೆಯ ಹೊತ್ತಿಗೆ ಅವನು ಅಂಗಳದ ಬೇವಿನ ಮರದ ಕೆಳಗೆ ಕೂತಿದ್ದ. ಕಾಶಪ್ಪ ಪಕ್ಕದಲ್ಲಿ ಕೂತು ಬೀಡಿಗಾಗಿ ಹಲುಬುತ್ತಿದ್ದ. ಮಾಂತು ದೇವರಿಗೆ ಹರಕೆ ಹೊತ್ತ: ಮಗಳು ತನ್ನ ಮಾತು ಮರೆಯಲಿ, ಟೀಚರ್ ಮಾತೇ ನೆನಪಾಗಲಿ. ಅಪ್ಪನಾದವನು ಇಂಥ ಹರಕೆಯನ್ನೂ ಹೊರಬೇಕಾಗುತ್ತದೆ.

ಮತ್ತೆ ಗುರುವಾರ ಬಂತು. ಫೋನು ಎತ್ತಿದ್ದು ಕಲ್ಲವ್ವ.

"ಶಿವಾನಿ ಎಲ್ಲಿ?"

"ಅದಾಳ ಇಲ್ಲೇ. ಎರಡ ದಿನಾತು, ಯಾರ ಕೂಡಾನೂ ಮಾತಿಲ್ಲ." ಆಮೇಲೆ ಫೋನು ಕೈಯಿಂದ ಕೈಗೆ ಹೋದ ಸದ್ದು.

"ಅವ್ವಾ," ಎಂದ ಮಾಂತು.

"ಸಾಲ್ಯಾಗ ಪೇಪರ್ ಬಿಡಿಸಿ ತೋರಿಸಿದ್ರು. ನಾ ತಪ್ಪ ಮಾಡಿದ್ದು ಎಲ್ಲಾ ಮೂಳ ಸಂಖ್ಯಾದ ಲೆಕ್ಕಾನ. ಉಳದದ್ದೆಲ್ಲಾ ಬರೊಬ್ಬರಿ ಅದಾವ. ಸ್ಕಾಲರ್‌ಶಿಪ್ ಬರಂಗಿಲ್ಲ ಅಂದ್ರು." ಅಳು ಇರಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದಳು.

"ನನಗ ಗೊತ್ತಿರಲಿಲ್ಲವ್ವಾ."

"ಯಾವಾಗ?"

ಮಾಂತು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಮೊದಲ ಆಟ ಆಡಿದಾಗ ಗೊತ್ತಿರಲಿಲ್ಲೋ, ಹ್ವಾದ ವಾರನೂ ಗೊತ್ತಿರಲಿಲ್ಲೋ?"

"ಹ್ವಾದ ವಾರನೂ ಗೊತ್ತಿರಲಿಲ್ಲ," ಎಂದ ಮಾಂತು. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು.

ಆ ಕಡೆ ಚಾಳಿನ ಗದ್ದಲ. ನಲ್ಲಿ, ಕೊಡ, ಯಾರದೋ ಟೀವಿ.

"ಶನಿವಾರ ನಾ ಬೀಜ ಮೂರ್ಮೂರ ಇಟ್ಟ ನೋಡಿದ್ದೆ ಅಪ್ಪಾ," ಎಂದಳು ಶಿವಾನಿ. "ಬರೊಬ್ಬರಿ ಕುಂತ್ವು. ಟೀಚರ್ ಹೇಳಿದ್ದ ಖರೆ ಅಂತ ಆವಾಗ ಗೊತ್ತಾತು."

"ಮತ್ತ ಯಾಕವ್ವಾ ಹಂಗ ಬರದಿ? ಗೊತ್ತಿದ್ದೂ?"

"ನೀ ಹೇಳಿದ್ದು ಅದೊಂದು ತಪ್ಪಂದ್ರ, ಇನ್ನೊಂದೂ ತಪ್ಪಾಕ್ಕಿತ್ತಲ್ಲ."

ಹತ್ತು ವರ್ಷದ ಹುಡುಗಿ ತನ್ನ ಪರೀಕ್ಷೆಯನ್ನು ಕೈಯಾರೆ ಕೆಡಿಸಿಕೊಂಡಿದ್ದು ಇದಕ್ಕೆ. ಅವನ ಸುಳ್ಳನ್ನು ಎತ್ತಿ ಹಿಡಿಯಲು ತನ್ನ ಹತ್ತಿರ ಇದ್ದುದನ್ನೆಲ್ಲ ಅದರ ಕೆಳಗೆ ಇಟ್ಟಿದ್ದಳು. ಅವನಿಗೆ ಜೋರಾಗಿ ಅಳಬೇಕೆನ್ನಿಸಿತು; ಹಿಂದೆ ಸರದಿಯಲ್ಲಿ ಜನ ನಿಂತಿದ್ದರು.

"ಈಗ ಹೇಳಪ್ಪಾ," ಎಂದಳು ಶಿವಾನಿ. "ನೀ ಹೊಡದಿಯೇನು ಅವಗ?"

ಹೌದು ಎಂದರೆ ಅವಳು ಬಿಡುಗಡೆಯಾಗುತ್ತಿದ್ದಳು. ಇನ್ನು ಯಾರ ಎದುರೂ ಎದ್ದು ನಿಲ್ಲಬೇಕಾಗಿರಲಿಲ್ಲ, ಯಾವ ಉತ್ತರವನ್ನೂ ಕೆಡಿಸಬೇಕಾಗಿರಲಿಲ್ಲ. ಆ ಒಂದು ಮಾತು ನಾಲಿಗೆಯ ಮೇಲೆ ಬಂದು ಕೂತದ್ದೂ ಹೌದು. ಆದರೆ ಅದನ್ನು ಆಡಿದ ಮೇಲೆ ತಾನು ಯಾರು? ಅದಕ್ಕೆ ಉತ್ತರ ಅವನಿಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಹೆದರಿದ.

"ಇಲ್ಲವ್ವಾ," ಎಂದ. "ಅವಾ ಜಾರಿ ಬಿದ್ದ."

ಶಿವಾನಿ ಖರೇನ ಎಂದು ಕೇಳಲಿಲ್ಲ. ಫೋನನ್ನು ಕಿವಿಯಿಂದ ತೆಗೆದಿದ್ದು ಗೊತ್ತಾಯಿತು, ಆದರೆ ಅದನ್ನು ದೂರ ಒಯ್ದಿರಲಿಲ್ಲ. ಅವಳು ತಾಯಿಗೆ ಹೇಳಿದ್ದು ಅವನಿಗೆ ಸ್ಪಷ್ಟ ಕೇಳಿಸಿತು.

"ಅವ್ವಾ, ಇನ್ನ ಮ್ಯಾಲ ಗುರುವಾರ ನನಗ ಟ್ಯೂಷನ್ ಅದ. ಫೋನಿಗೆ ಬರಾಕ ಆಗಂಗಿಲ್ಲ ಅಂತ ಹೇಳು."

"ಯಾವ ಟ್ಯೂಷನ್ನ? ಯಾರ ಹಚ್ಚ್ಯಾರ ನಿನಗ ಟ್ಯೂಷನ್?"

"ಅದ ಅವ್ವಾ."

"ಖರೇನ?"

"ಖರೇನ," ಎಂದಳು ಶಿವಾನಿ. ದನಿ ಒಂಚೂರೂ ನಡುಗಲಿಲ್ಲ, ತಡವರಿಸಲಿಲ್ಲ. ಅದು ಯಾರಿಂದ ಕಲಿತ ದನಿ ಎಂದು ಮಾಂತುವಿಗೆ ಯಾರೂ ಹೇಳಬೇಕಾಗಿರಲಿಲ್ಲ.